ಕಿಸೆಯೊಳಗಿನ ಸ್ಪ್ರಿಂಗ್

ಜಹಗೀರುಗಳು ರದ್ದಾದ ವರ್ಷ ಶಹಾಪುರದ ಜಹಗೀರದಾರರ ಅಮೇರಿಕದ ಕಾರೂ ಹೊಸ ಸರ್ಕಾರದ ಪಾಲಾಯಿತು. ಕ್ಲಚ್ಚಿಲ್ಲದೆ ತಾನೇ ಗೇರು ಬದಲಿಸಿಕೊಳ್ಳುವ ಆ ಗಾಡಿಯನ್ನು ಅಲ್ಲಿಯತನಕ ಓಡಿಸಿದವನು ವಹಾಬ. ಹಳೇ ಧಣಿಯ ಮನುಷ್ಯನೆಂದು ಹೊಸ ಸಾಹೇಬರು ಅವನನ್ನು ಗಾಡಿ ತೊಳೆಯಲು ಇಟ್ಟು, ಸ್ಟೇರಿಂಗನ್ನು ಅವನ ಶಿಷ್ಯ ಸಾಬಣ್ಣನ ಕೈಗೆ ಕೊಟ್ಟರು. ಹೊಟ್ಟೆಕಿಚ್ಚು ಹತ್ತಿದವನಿಗೆ ಬುದ್ಧಿ ಎಲ್ಲಿರುತ್ತದೆ? ಸಾಬಣ್ಣ ಗೇರುಪೆಟ್ಟಿಗೆಯ ಎಣ್ಣೆತಟ್ಟೆ ಬಿಚ್ಚಿ ತೊಳೆದು ಊಟಕ್ಕೆ ಹೋದಾಗ, ವಹಾಬ ಕಾರಿನಡಿ ನುಸುಳಿ ಬೆರಳುದ್ದದ ಸ್ಪ್ರಿಂಗೊಂದನ್ನು ತೆಗೆದು ಜರದಾ ತಂಬಾಕು ಇಡುವ ಕಿಸೆಗೆ ಇಳಿಸಿದ.

ಮರುದಿನ ಸಾಹೇಬರು ಯಾದಗಿರಿಗೆ ಹೊರಟರೆ ಇಂಜಿನ್ ಬೊಬ್ಬೆ ಹೊಡೆಯಿತೇ ಹೊರತು ಗಾಲಿ ಕದಲಲಿಲ್ಲ. ಸಂಜೆಯೊಳಗೆ ಸರಿಮಾಡು, ಇಲ್ಲವೇ ಮನೆಗೆ ನಡೆ ಎಂದು ಸಾಬಣ್ಣನಿಗೆ ಹೇಳಿ ಅವರು ಒಳಗೆ ಹೋದರು.

ಸಾಬಣ್ಣ ಅಳುಮೋರೆ ಮಾಡಿಕೊಂಡು ವಹಾಬನ ಬಳಿಗೇ ಬಂದ. "ಉಸ್ತಾದ, ಎಣ್ಣಿ ಐತಿ, ಪಂಪ್ ತಿರಗತೈತಿ. ಮತ್ಯಾಕ ಗಾಡಿ ಎಳೆವಲ್ದು?"

ಕಲಿಸುವ ಚಟ ವಹಾಬನ ಬಾಯಿ ಬಿಡಿಸಿತು. "ಪಂಪ್ ಎಣ್ಣಿ ನೂಕತೈತಿ. ಒಂದು ಸ್ಪ್ರಿಂಗ್ ಅದಕ್ಕ ಅಡ್ಡ ನಿಂತು ಒತ್ತಿ ಹಿಡೀತೈತಿ. ಜೋರು ಹೆಚ್ಚಾತಂದ್ರ ಸ್ವಲ್ಪ ಸರದು, ಹೆಚ್ಚಿನ ಎಣ್ಣಿ ತಟ್ಟಿಗೆ ಬಿಡತೈತಿ. ಸ್ಪ್ರಿಂಗೇ ಇಲ್ಲಂದ್ರ ಎಲ್ಲಾ ಎಣ್ಣಿ ತಟ್ಟಿಗೇ ವಾಪಸ್. ಗೇರು ಹಿಡಿಯಾಕ ಜೋರೇ ಇರೂದಿಲ್ಲ."

ಸಾಬಣ್ಣ ಕಾರಿನಡಿ ಹೋಗಿ ಎಣ್ಣೆತಟ್ಟೆ ಬಿಚ್ಚಿ ನೋಡಿ ಮುಖ ಸಣ್ಣದು ಮಾಡಿಕೊಂಡು ಬಂದ. "ಸ್ಪ್ರಿಂಗ್ ಇಲ್ರಿ. ನಿನ್ನಿ ತೊಳಿಯೂವಾಗ ನಾನ ಬೀಳಿಸೀನಿ." ಮನೆಯಿಂದ ಹೆಂಡತಿಯ ಜರಡಿ ತಂದು ಅಂಗಳದ ಮಣ್ಣು ಸೋಸತೊಡಗಿದ.

ವಹಾಬನಿಗೆ ನೋಡಲಾಗಲಿಲ್ಲ. ಕಳ್ಳ ತಾನು, ಮಣ್ಣು ಸೋಸುವವನು ಅವನು. ನಾಚಿಕೆಯಿಂದ ಮೈ ಹಿಡಿಯಷ್ಟಾಯಿತು. ಸಾಬಣ್ಣ ಆಚೆ ತಿರುಗಿದಾಗ ಸ್ಪ್ರಿಂಗನ್ನು ಮೆಲ್ಲಗೆ ಮಣ್ಣಿಗೆ ಜಾರಿಸಿದ.

ಜರಡಿಗೆ ಅದು ಸಿಕ್ಕಿತು. ಸಾಬಣ್ಣ ಕೈಗೆತ್ತಿಕೊಂಡು ಊದಿದ. ಸುರುಳಿಯ ಸಂದಿನಲ್ಲಿ ಜರದಾ ಎಳೆಗಳು ಅಂಟಿದ್ದವು. ಆ ಅಂಗಳದಲ್ಲಿ ಜರದಾ ಹಾಕುವವನು ವಹಾಬ ಒಬ್ಬನೇ. ಸಾಬಣ್ಣ ಎಳೆಗಳನ್ನು ಉಗುರಿನಿಂದ ಬಿಡಿಸಿ, ತಲೆಯೆತ್ತದೆ ಹೇಳಿದ: "ನೀವ ಕೂಡಸ್ರಿ ಉಸ್ತಾದ. ಅದರ ಜಾಗ ನಿಮಗ ಗೊತ್ತೈತಿ."

ವಹಾಬ ಕೂಡಿಸಿದ. ಗಾಲಿ ಕದಲಿತು. ಸಾಹೇಬರು ಬಂದು ಯಾರ ತಪ್ಪೆಂದು ಕೇಳಿದರು.

"ನಂದ್ರಿ ಸಾಹೇಬ್ರ," ಎಂದ ಸಾಬಣ್ಣ. "ತೊಳಿಯೂವಾಗ ಕೈತಪ್ಪಿ ಬಿತ್ತು."

"ಕೈಯಲ್ಲಿ ನಿಗಾ ಇಲ್ಲದವನು ನನಗೆ ಬೇಡ. ನಾಳೆಯಿಂದ ಬರಬೇಡ."

ಸಾಬಣ್ಣ ಜರಡಿ ಕೊಡವಿ, ಕಂಕುಳಿಗೆ ಇಟ್ಟುಕೊಂಡು ಗೇಟಿನ ಕಡೆ ನಡೆದ.

ವಹಾಬ ತನ್ನ ಕಿಸೆಯನ್ನು ಹೊರಕ್ಕೆ ಎಳೆದು ಸಾಹೇಬರ ಮುಂದೆ ಹಿಡಿದ. ಎಣ್ಣೆಯ ಕಲೆಯ ಮೇಲೆ ಜರದಾ ಮೆತ್ತಿಕೊಂಡಿತ್ತು.

"ಅವ ಸುಳ್ಳ ಹೇಳತಾನ್ರಿ ಸಾಬ್," ಎಂದ. "ಸ್ಪ್ರಿಂಗ್ ಇಲ್ಲಿತ್ತು."