ಹಳದಿ ವ್ಯಾನು ನಿಂತ ಬೆಳಗು

ಬೆಳಗಿನ ಮಂಜಿನಲ್ಲಿ ಶಾಲೆಯ ಹಳದಿ ವ್ಯಾನು ನೀರೊಳಗಿನ ಮೀನಿನಂತೆ ಕಾಣುತ್ತಿತ್ತು. ಕಿಟಕಿಯ ಬಳಿ ನಿಂತ ಹೆಂಡತಿಯ ಮುಷ್ಟಿಯಲ್ಲಿ ಅದರ ಕೀಲಿ.

“ಕೊಡೇ, ಹೊತ್ತಾಯ್ತು. ಹನ್ನೊಂದು ಮಕ್ಕಳು ಕಾಯ್ತಿರ್ತಾವೆ,” ಎಂದ ಗಂಡ.

“ನಿನ್ನೆ ನನ್ನ ತಮ್ಮನ ಜೊತೆ ಕೂತು ಕುಡಿದದ್ದು?”

“ಮಲಗಿ ಎದ್ದಿದೀನಿ. ತಣ್ಣೀರು ಸುರ್ಕೊಂಡಿದೀನಿ. ಎರಡು ಲೋಟ ಕಾಫಿ ಇಳಿಸಿದೀನಿ. ಇನ್ನೇನು, ಹಿಂಡಿ ಒಣಗಹಾಕ್ತೀಯಾ?”

ಅವಳಿಗೆ ನಗು ಬರಲಿಲ್ಲ. ನಸುಕಿನಲ್ಲಿ ಬಿದ್ದ ಕನಸು ಇನ್ನೂ ಕಣ್ಣಿನಿಂದ ಇಳಿದಿರಲಿಲ್ಲ: ವ್ಯಾನು ಸದ್ದಿಲ್ಲದೆ ತೇಲುತ್ತಿದೆ, ಮಕ್ಕಳು ಗಾಜಿಗೆ ಮೂಗೊತ್ತಿ ನಗುತ್ತಿದ್ದಾರೆ, ಚಾಲಕನ ಸೀಟು ಖಾಲಿ.

ಅವಳು ಪಕ್ಕದ ಮನೆಯ ಅಕ್ಕನನ್ನು ಕೂಗಿದಳು. ಬಸ್ ಡಿಪೋದ ಗೇಟಿನಲ್ಲಿ ಚಾಲಕರ ಉಸಿರು ಪರೀಕ್ಷಿಸುವುದೇ ಆ ಅಕ್ಕನ ಕೆಲಸ. ಅವಳು ಚೀಲದಿಂದ ಪುಟ್ಟ ಯಂತ್ರ ತೆಗೆದಳು. ಗಂಡ ಊದಿದ. ರಾತ್ರಿ ಅಲ್ಲೇ ಮಲಗಿ, ಕಣ್ಣುಜ್ಜುತ್ತ ಎದ್ದುಬಂದ ತಮ್ಮನೂ ಊದಿದ; ಅವನೂ ತನ್ನ ಕಾರಿನಲ್ಲಿ ಹೊರಡಬೇಕಿತ್ತು. ಇಬ್ಬರದೂ ಒಂದೇ ಅಂಕಿ: ನೂರು ಮಿಲಿ ರಕ್ತಕ್ಕೆ ಇಪ್ಪತ್ತು ಮಿಲಿಗ್ರಾಂ ಮದ್ಯಸಾರ.

“ನಾನು ಪಾಸಾ?” ಎಂದ ತಮ್ಮ.

“ನಮ್ಮಲ್ಲಿ ಸ್ವಂತ ಕಾರಿನವರಿಗೆ ಮೂವತ್ತರವರೆಗೆ ಕಾನೂನು ಹಿಡಿಯಲ್ಲ,” ಎಂದಳು ಅಕ್ಕ. “ ಹಾಗಂತ ಪಾಸಲ್ಲ, ಎದುರಿಗೆ ಬರೋ ಲಾರಿ ನಿನ್ನ ಅಂಕಿ ಕೇಳಲ್ಲ. ಭಾವ, ನೀವಂತೂ ಫೇಲು. ಶಾಲೆ ವ್ಯಾನು, ಡಿಪೋ ಬಸ್ಸು ಓಡಿಸೋರಿಗೆ ಕೆಲಸದ ನಿಯಮದಲ್ಲಿ ಮಿತಿ ಸೊನ್ನೆ.”

“ಅದೇ ಬಾಟ್ಲಿ, ಅದೇ ಲೋಟ! ಅವನಿಗೊಂದು ನ್ಯಾಯ, ನನಗೊಂದಾ?”

“ನಿಮ್ಮ ಬೆನ್ನ ಹಿಂದೆ ಹನ್ನೊಂದು ಜೀವ ಕೂತಿರುತ್ತಲ್ಲ.”

“ತಲೆ ನೆಟ್ಟಗಿದೆ ಕಣಮ್ಮ.”

“ತಲೆಗೆ ಹಾಗನ್ನಿಸುತ್ತೆ. ಸ್ನಾನ ಮೈಯ ಹೊರಗಿಂದು. ಕಾಫಿ ನಿದ್ದೆ ಓಡಿಸುತ್ತೆ ಅಷ್ಟೆ. ರಕ್ತದಲ್ಲಿರೋದು ತನ್ನ ಪಾಡಿಗೆ, ಗಂಟೆಗಟ್ಟಲೆ ತಗೊಂಡು ಇಳಿಯುತ್ತೆ.”

“ಕೆಲಸ ಹೋದ್ರೆ?” ಅವನ ದನಿ ಕುಗ್ಗಿತು.

ಹೆಂಡತಿ ಆಗ ಕನಸು ಹೇಳಿದಳು. ಅವನು ಶಾಲೆಗೆ ಫೋನು ಮಾಡಿದ. “ಸಾರ್, ನಿನ್ನೆ ಕುಡಿದಿದ್ದೆ. ಬದಲಿ ಚಾಲಕನ್ನ ಕಳಿಸಿ.” ಆ ಕಡೆಯಿಂದ ಮುಖ್ಯೋಪಾಧ್ಯಾಯರು ಎಂದರು: “ಹೇಳಿದ್ದು ಒಳ್ಳೇದಾಯ್ತು. ನಾಳೆ ಊದಿ ತೋರಿಸಿಯೇ ಕೀಲಿ ತಗೋ.”

ತಮ್ಮನೂ ಕಾರು ಬಿಟ್ಟು ನಡೆದೇ ಹೊರಟ.

ಬದಲಿ ಚಾಲಕ ಬಂದು ಅವಳ ಕೈಯಿಂದ ಕೀಲಿ ಪಡೆದ. ಮಂಜು ಕರಗುವಾಗ ವ್ಯಾನು ಮಕ್ಕಳನ್ನು ತುಂಬಿಕೊಂಡು ಅದೇ ಬೀದಿಯಲ್ಲಿ ಹಾದುಹೋಯಿತು. ಗಾಜಿಗೆ ಮೂಗೊತ್ತಿದವರು ಕೈಬೀಸಿದರು. ಚಾಲಕನ ಸೀಟು ಖಾಲಿ ಇರಲಿಲ್ಲ.

ಓದುವವರೇ, ಈ ಮಿತಿ ಎಲ್ಲ ಕಡೆ ಒಂದೇ ಅಲ್ಲ. ನೀವು ನಡೆಸುವ ವಾಹನಕ್ಕೆ ಎಷ್ಟೆಂದು ಸಾರಿಗೆ ಕಚೇರಿಯಲ್ಲಿ ಕೇಳಿಕೊಳ್ಳಿ. ಕುಡಿದಿದ್ದರೆ, ಅದು ನಿನ್ನೆಯದೇ ಆಗಿರಲಿ, ಕೀಲಿಯನ್ನು ಮನೆಯವರ ಮುಷ್ಟಿಯಲ್ಲೇ ಇರಲು ಬಿಡಿ.