ವೈವಾದ ಊಟ

ಎಂ.ಎಸ್ಸಿ. ಮೌಖಿಕ ಪರೀಕ್ಷೆಯ ದಿನ ಬೆಳಿಗ್ಗೆ ಅಟಿಮ್ ಸಾರಿಗೆ ಬಸವನಹುಳು ತೊಳೆಯುತ್ತಿದ್ದಳು. ಅದರ ಲೋಳೆ ಸುಮ್ಮನೆ ಹೋಗುವಂಥದ್ದಲ್ಲ. ನಿಂಬೆಹಣ್ಣು ಹಿಂಡಬೇಕು, ಉಪ್ಪು ಹಾಕಿ ತಿಕ್ಕಬೇಕು, ತೊಳೆದು ಮತ್ತೆ ತಿಕ್ಕಬೇಕು. ಬೆರಳ ಸಂದಿಯೆಲ್ಲ ಬಿರಿದು ಉರಿಯುತ್ತಿತ್ತು. ಪಕ್ಕದ ಮಣೆಯ ಮೇಲೆ ಅವಳ ಪ್ರಬಂಧ ತೆರೆದುಕೊಂಡಿತ್ತು. ಕೈ ಒದ್ದೆಯಾಗಿದ್ದರಿಂದ ಹಾಳೆ ತಿರುವಲಾಗದೆ ಒಂದೇ ಪುಟವನ್ನು ಓದಿದ್ದೇ ಓದಿದಳು.

ಅವಳು ಓದುತ್ತಿದ್ದದ್ದು ಅಂತರರಾಷ್ಟ್ರೀಯ ವ್ಯಾಪಾರ. ಕಲಾಬಾರ್ ಬಂದರಿನ ಕಂಪನಿಯೊಂದು ಅವಳಿಗೆ ಕೆಲಸ ಕೊಡಲು ಒಪ್ಪಿತ್ತು. ಈ ತಿಂಗಳೊಳಗೆ ಪದವಿ ಕೈಯಲ್ಲಿರಬೇಕು, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದಿತ್ತು. ಆಮೇಲೆ ಈಗ ಪಾಠ ಹೇಳುತ್ತಿರುವ ಪ್ರೈಮರಿ ಶಾಲೆಯೇ ಗತಿ. ಅಲ್ಲಿ ಸಂಬಳ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಹಿಂದೆ ಒಮ್ಮೆ ವೈವಾ ಆಗಿತ್ತು. ಆಗ ಅವಳು ಪರೀಕ್ಷಕರಿಗೆ ಮೀಟ್‌ಪೈ ಮತ್ತು ತಂಪು ಪಾನೀಯ ಒಯ್ದಿದ್ದಳು. ಅವರು ತಿಂದು, ಬಾಯಿ ಒರೆಸಿಕೊಂಡು, ವಿದ್ಯಾರ್ಥಿನಿಯ ತಯಾರಿ ಸಾಲದು ಎಂದು ಮುಂದಕ್ಕೆ ಹಾಕಿದ್ದರು. ಯಾವ ಅಧ್ಯಾಯ ಸಾಲದು ಎಂದು ಅವಳು ವಿಭಾಗದ ಗುಮಾಸ್ತ ಉಕ್ಪಾಂಗನನ್ನು ಕೇಳಿದಳು.

“ಅಧ್ಯಾಯ ಅಲ್ಲಮ್ಮಾ. ದೊಡ್ಡ ದೊಡ್ಡ ಪ್ರೊಫೆಸರುಗಳಿಗೆ ತಿಂಡಿ ತಿನ್ಸಿ ಪದವಿ ಕೇಳ್ತೀಯಲ್ಲ, ನಿಂಗೆ ಬುದ್ಧಿ ಬೇಡ್ವಾ?”

ಈ ಸಲ ಉಕ್ಪಾಂಗ್ ಮೊದಲೇ ಕೂರಿಸಿಕೊಂಡು ಹೇಳಿದ.

“ಲಾಗೋಸಿಂದ ಬರೋ ಡಾಕ್ಟರು ಆಡಿನ ಮಾಂಸ ಮುಟ್ಟಲ್ಲ. ಅವರಿಗೆ ಮೀನು. ನಮ್ಮ ಮುಖ್ಯಸ್ಥರಿಗೆ ಬಸವನಹುಳು, ದೊಡ್ಡ ಜಾತೀದು. ಉಳಿದೋರು ಪಾಪ, ಏನು ಕೊಟ್ರೂ ತಿಂತಾರೆ. ಕೋಳಿ ಅಂತಿಟ್ಕೋ.”

“ಇದು ನಿಯಮಾನಾ ಸಾರ್?”

“ಛೆ ಛೆ! ಊಟ ತರಬೇಡಿ ಅಂತ ಬೋರ್ಡೇ ಹಾಕಿದೀವಲ್ಲ, ನೋಡಿಲ್ವಾ? ನೀನು ಪ್ರೀತಿಯಿಂದ ತರೋದು.”

ಅಟಿಮಳ ತಾಯಿ ಎಕಾನೆಮ್ ಲಾರಿ ನಿಲ್ದಾಣದಲ್ಲಿ ಊಟದ ಅಂಗಡಿ ಇಟ್ಟವಳು. ಮಗಳ ವೈವಾ ಎಂದು ಅಂಗಡಿ ಮುಚ್ಚಿದ್ದಳು. ಅಲ್ಲಿದ್ದ ಎಣ್ಣೆ, ಒಣಸೀಗಡಿ, ಗೆಣಸು ಎಲ್ಲ ಮನೆಯ ಒಲೆಯ ಮುಂದೆ ಬಂದು ಕೂತಿದ್ದವು. ಅವಳಿಗೆ ಇದರಿಂದ ಬೇಜಾರೇನೂ ಆದಂತಿರಲಿಲ್ಲ.

“ದೂರದಿಂದ ಬಂದೋರಿಗೆ ಬಡಿಸ್ದೆ ಕಳಿಸೋಕಾಗತ್ತೇನೆ? ನಮ್ಮಲ್ಲಿ ಇಲ್ಲದ ಪದ್ಧತೀನಾ ಇದು?”

“ಅವರು ನಮ್ಮನೇಗೆ ಬಂದಿಲ್ಲಮ್ಮ. ನಾವೇ ಹೊತ್ಕೊಂಡು ಹೋಗ್ತಿದೀವಿ.”

“ವಾದ ಅಲ್ಲಿ ಮಾಡು, ಮಾರಾಯ್ತಿ. ಇಲ್ಲಿ ಸೊಪ್ಪು ಹೆಚ್ಚು.”

ಅವತ್ತು ವೈವಾ ಇದ್ದದ್ದು ಮೂವರಿಗೆ. ಬಂದರಿನಲ್ಲಿ ಸರಕು ಬಿಡಿಸುವ ಕೆಲಸದ ಎಫಾಂಗಾ ಕುಟ್ಟಿದ ಗೆಣಸು ತಂದಿದ್ದ. ತುಂಬು ಗರ್ಭಿಣಿ ಇಮಾ ಅನ್ನ, ಕೋಳಿ ತಂದಿದ್ದಳು. ಅಟಿಮ್ ಮತ್ತು ತಾಯಿ ಹೊತ್ತು ತಂದದ್ದು ಅಫಾಂಗ್ ಸೊಪ್ಪಿನ ಸಾರು, ಅದರಲ್ಲಿ ಬಸವನಹುಳು, ಮೀನು. ಪೆಟ್ಟಿಗೆಯಷ್ಟು ದೊಡ್ಡ ಮೂರು ಹಾಟ್‌ಬಾಕ್ಸುಗಳು ಕಾರಿಡಾರಿನಲ್ಲಿ ಗೋಡೆಗೆ ಒರಗಿ ನಿಂತವು. ಕ್ರಮ ಹೀಗೆ: ಮೊದಲು ವೈವಾ, ಆಮೇಲೆ ಊಟ, ಊಟವಾದ ಮೇಲೆ ಫಲಿತಾಂಶ. ಊಟಕ್ಕೂ ಫಲಿತಾಂಶಕ್ಕೂ ಸಂಬಂಧವಿಲ್ಲ ಎಂದು ಪಾಸಾದವರೆಲ್ಲ ಹೇಳುತ್ತಾರೆ. ಅವರೆಲ್ಲ ಒಳ್ಳೆಯ ಊಟ ತಂದವರು.

ಅಟಿಮಳ ಸರದಿ ಕೊನೆಗೆ ಬಂತು. ಕ್ಯಾಮರೂನ್ ಗಡಿಯಿಂದ ಸೊಪ್ಪು, ಒಣಮೀನು ಹೊತ್ತು ತರುವ ಹೆಂಗಸರು ದಾರಿಯ ಚೆಕ್‌ಪೋಸ್ಟುಗಳಲ್ಲಿ ಏನೇನು ಕೊಟ್ಟು ದಾಟುತ್ತಾರೆ ಎಂಬುದು ಅವಳ ಪ್ರಬಂಧ. ಅದಕ್ಕಾಗಿ ಆ ಲಾರಿಗಳಲ್ಲೇ ಮೂಟೆಗಳ ಮೇಲೆ ಕೂತು ಓಡಾಡಿದ್ದಳು. ಒಂದಿಷ್ಟೂ ತಡವರಿಸದೆ ಹೇಳಿ ಮುಗಿಸಿದಳು.

ಲಾಗೋಸಿನ ಡಾಕ್ಟರು ಕನ್ನಡಕ ಸರಿಮಾಡಿಕೊಂಡರು. “ಇದನ್ನ ಸುಲಿಗೆ ಅಂತ ಕರೆದಿದೀರಿ. ಯಾರಾದ್ರೂ ಬಂದೂಕು ತೋರಿಸಿ ಕೇಳಿದ್ರಾ?”

“ಇಲ್ಲ ಸಾರ್. ಅವರು ಏನೂ ಕೇಳಲ್ಲ. ಅಡ್ಡ ಕಟ್ಟಿರೋ ಹಗ್ಗ ಇಳಿಸಲ್ಲ, ಅಷ್ಟೆ.”

“ಹೆಂಗಸರು ಕೊಡಲ್ಲ ಅಂದ್ರಾ?”

“ಇಲ್ಲ ಸಾರ್.”

ವಿಭಾಗದ ಮುಖ್ಯಸ್ಥ ಪ್ರೊಫೆಸರ್ ಇಟಾ ಹೊಟ್ಟೆ ಕುಣಿಸಿ ನಕ್ಕರು. “ಡಾಕ್ಟರೇ, ನೀವು ಲಾಗೋಸಿನೋರು, ನಿಮಗೆ ಅರ್ಥ ಆಗಲ್ಲ. ನಮ್ಮ ಕಡೆ ಹೆಂಗಸರಿಗೆ ಉಣ್ಣಿಸೋದು ಅಂದ್ರೆ ಪ್ರಾಣ. ಬೇಡ ಅಂದ್ರೂ ಬಿಡಲ್ಲ. ಸಂತೋಷಕ್ಕೆ ಕೊಡ್ತಾರೆ ಕಣ್ರೀ! ಈ ಹುಡುಗಿ ಅದನ್ನ ಹೋಗಿ ಸುಲಿಗೆ ಅಂತ ಬರೆದವಳೆ.”

ಎಲ್ಲರೂ ನಕ್ಕರು. ಅಟಿಮಳಿಗೆ ಮೈಯೆಲ್ಲ ಉರಿಯಿತು. ತೆರೆದಿದ್ದ ಕಿಟಕಿಯಾಚೆ ತಾಯಿಯ ತಲೆಬಟ್ಟೆ ಕಂಡಿತು. ಅಲುಗದೆ ನಿಂತಿತ್ತು.

ಅವಳು ಹೊರಗೆ ಬಂದಾಗ ಉಕ್ಪಾಂಗ್ ತಟ್ಟೆ ಹಿಡಿದು ಅವಸರ ಮಾಡುತ್ತಿದ್ದ. “ಬಡಿಸಿ ಬಡಿಸಿ. ಲಾಗೋಸಿನೋರಿಗೆ ವಿಮಾನ ಇದೆ.”

ಎಕಾನೆಮ್ ಹೋಗಿ ತನ್ನ ಹಾಟ್‌ಬಾಕ್ಸಿನ ಮುಚ್ಚಳದ ಮೇಲೆ ಕುಳಿತಳು. ಚೆನ್ನಾಗಿ ಊರಿಕೊಂಡು ಕುಳಿತಳು.

“ಅಮ್ಮ, ಇದೇನು? ಏಳು!”

“ಫಲಿತಾಂಶ ಹೇಳ್ಲಿ, ಏಳ್ತೀನಿ.”

“ನನ್ನ ಕೆಲಸ ಹೋಗತ್ತಮ್ಮ. ದಮ್ಮಯ್ಯ.”

“ನಿನ್ನನ್ನ ಬೆನ್ನಿಗೆ ಕಟ್ಕೊಂಡು ಅದೇ ರಸ್ತೇಲಿ ಮೀನು ತರ್ತಿದ್ದೆ ಕಣೆ. ಒಂದೊಂದು ಹಗ್ಗದ ಹತ್ರಾನೂ ಬುಟ್ಟಿ ಇಳಿಸಿ, ಹಲ್ಲು ಕಿರಿದು, ತಿನ್ನಪ್ಪಾ ಅಂದಿದೀನಿ. ನೀನು ಹಸಿದು ಕಿರುಚ್ತಿದ್ದೆ. ಸಂತೋಷಕ್ಕೆ ಕೊಟ್ಟೆನಂತೆ! ಇವನ ಬಾಯಿಗೆ ಮಣ್ಣು ಹಾಕ. ಇವತ್ತು ಬೆಳಿಗ್ಗೇನೂ ಪದ್ಧತಿ ಪದ್ಧತಿ ಅಂದೆನಲ್ಲ, ನಂಗೂ ಬುದ್ಧಿ ಇಲ್ಲ.”

ಅಟಿಮಳ ಬಂದರಿನ ಕೆಲಸ ಕಣ್ಣೆದುರಿಗೇ ಹೋಗುತ್ತಿತ್ತು. ಅಳು ಬಂತು, ಸಿಟ್ಟೂ ಬಂತು. ಕೊನೆಗೆ ಅಮ್ಮನನ್ನು ಒತ್ತರಿಸಿ ಅದೇ ಹಾಟ್‌ಬಾಕ್ಸಿನ ಮೇಲೆ ಕೂತಳು.

“ಏನ್ರೀ ಎಫಾಂಗಾ, ನೀವಾದ್ರೂ ಹೇಳ್ರೀ!” ಎಂದ ಉಕ್ಪಾಂಗ್.

ಎಫಾಂಗಾ ತಲೆ ಕೆರೆದುಕೊಂಡ. “ನನ್ನ ಹೆಂಡ್ತಿ ನನ್ನ ಕೊಂದೇ ಹಾಕ್ತಾಳೆ,” ಎಂದು ಗೆಣಸಿನ ಮೇಲೆ ಕುಳಿತ.

ಇಮಾ ಹೊಟ್ಟೆ ಹಿಡಿದುಕೊಂಡು ಕೋಳಿಯ ಮೇಲೆ ಕುಳಿತಳು. “ನಂಗೆ ಹೇಗೂ ಕಾಲು ನೋಯ್ತಿತ್ತು.”

ಮುಂದಿನ ವಾರದ ವೈವಾಕ್ಕೆ ದಿನ ಕೇಳಲು ಬಂದ ಹುಡುಗ ಹುಡುಗಿಯರು ಬಾಗಿಲ ಬಳಿ ನಿಂತು ನೋಡುತ್ತಿದ್ದರು. ಒಬ್ಬ ನೆಲದ ಮೇಲೆ ಕೂತ. ಹಿಂದೆಯೇ ಉಳಿದವರೂ ಕೂತರು. ಒಬ್ಬಳು ಆಗಲೇ ಫೋನಿನಲ್ಲಿದ್ದಳು: “ಅಕ್ಕಾ, ಆಡು ಈಗ್ಲೇ ಕೊಳ್ಬೇಡ. ನಿಲ್ಲು, ಇಲ್ಲಿ ಏನೋ ನಡೀತಿದೆ.”

ಉಕ್ಪಾಂಗ್ ಒಳಗೆ ಹೋದ, ಹೊರಗೆ ಬಂದ, ಮತ್ತೆ ಒಳಗೆ ಹೋದ. ಕೊನೆಗೆ ಪ್ರೊಫೆಸರ್ ಇಟಾ ಅವರೇ ಬಾಗಿಲಿಗೆ ಬಂದರು. ಅವರು ಬಂದರೆ ಆ ಕಟ್ಟಡದಲ್ಲಿ ಎಲ್ಲರೂ ಎದ್ದು ನಿಲ್ಲುತ್ತಾರೆ. ಅವತ್ತು ಯಾರೂ ಏಳಲಿಲ್ಲ.

“ಏನಮ್ಮ ಇದು? ಒಳಗೆ ಅತಿಥಿಗಳು ಹಸಿದು ಕೂತಿದಾರೆ.”

“ಗೊತ್ತು ಸಾರ್. ಫಲಿತಾಂಶ ಹೇಳಿ, ಸಂತೋಷಕ್ಕೆ ಬಡಿಸ್ತೀನಿ.”

“ಹೀಗೆ ಹೆದರಿಸಿದ್ರೆ ಮೂವರನ್ನೂ ಫೇಲ್ ಮಾಡ್ತೀನಿ, ತಿಳ್ಕೊ!”

ಇಮಾ ಕಣ್ಣು ಮುಚ್ಚಿಕೊಂಡಳು. ಎಕಾನೆಮ್ ಮಗಳ ಮುಖ ನೋಡಿದಳು. ಅಟಿಮ್ ತಲೆಯಾಡಿಸಿದಳು, ಆಗಲಿ ಎಂಬಂತೆ.

“ಫೇಲ್ ಆದ್ರೂ ಈಗ್ಲೇ ಹೇಳ್ಬಿಡಿ ಸಾರ್,” ಎಂದಳು ಎಕಾನೆಮ್. “ಬೆಳಿಗ್ಗೆಯಿಂದ ನಾವ್ಯಾರೂ ಏನೂ ತಿಂದಿಲ್ಲ. ಮುಚ್ಚಳ ತೆಗ್ದು ನಾವೇ ಊಟಕ್ಕೆ ಕೂತ್ಕೋತೀವಿ.”