ಎತ್ತರ ಹಿಡಿದ ಸೆನ್ಸರ್

ನಾನು ಗಾಳಿಯ ಒತ್ತಡ ಅಳೆಯುವ ಒಂದು ಸೆನ್ಸರ್. ಪುಣೆ ಕಡೆಯ ಕಾರ್ಖಾನೆಯಲ್ಲಿ ಹುಟ್ಟಿದೆ. ಬೆಂಕಿಪೊಟ್ಟಣದಷ್ಟು ಗಾತ್ರ, ಕಪ್ಪು ಪ್ಲಾಸ್ಟಿಕ್ ಮೈ. ಕಾರಿನ ಎಂಜಿನ್ ಎಷ್ಟು ಉಸಿರೆಳೆಯುತ್ತಿದೆ ಎಂದು ಹೇಳುವುದೇ ನನ್ನ ಹಣೆಬರಹವೆಂದುಕೊಂಡಿದ್ದೆ. ಆದರೆ ಹುಬ್ಬಳ್ಳಿಯ ಅಂಗಡಿಯಲ್ಲಿ ನನ್ನನ್ನು ಕೊಂಡ ನೀಲಾಂಬಿಕಾ ಕಾರಿಗೆ ಹಾಕಲಿಲ್ಲ, ವಿಮಾನಕ್ಕೆ ಒಯ್ದರು.

ನೀಲಾಂಬಿಕಾ ಕಾರುಗಳ ವೈರಿಂಗ್ ರಿಪೇರಿಯ ಗ್ಯಾರೇಜು ನಡೆಸುತ್ತಿದ್ದರು. ಗಂಡ ಚನ್ನವೀರಗೌಡರು ಪೈಲಟ್. ಇಬ್ಬರೂ ಸೇರಿ ಎರಡು ಸೀಟಿನ ಪುಟ್ಟ ವಿಮಾನವೊಂದನ್ನು ಕೈಯಾರೆ ಕಟ್ಟಿದ್ದರು. ಪೈಲಟ್ ಕೈಬಿಟ್ಟರೂ ಅದನ್ನು ನೆಟ್ಟಗೆ, ಒಂದೇ ಎತ್ತರದಲ್ಲಿ ಹಾರಿಸುವ ಆಟೋಪೈಲಟ್ ಅದರಲ್ಲಿತ್ತು. ಅದರ ಒತ್ತಡ ಅಳೆಯುವ ಭಾಗ ಕೆಟ್ಟುಹೋಗಿತ್ತು. ಅದನ್ನು ತಯಾರಿಸುತ್ತಿದ್ದ ಕಂಪನಿ ಮುಚ್ಚಿತ್ತು. ಮೇಲೇರಿದಷ್ಟೂ ಗಾಳಿಯ ಒತ್ತಡ ಇಳಿಯುತ್ತದೆ. ಒತ್ತಡ ಬಲ್ಲ ನಾನು ಎತ್ತರವನ್ನೂ ಹೇಳಬಲ್ಲೆ ಎಂಬುದು ನೀಲಾಂಬಿಕಾರ ಲೆಕ್ಕ.

"ಸೀಟಿನ ಮುಂದ ಹಚ್ಚಿಬಿಡು. ಗಾಳಿ ಎಲ್ಲಾ ಕಡೆ ಒಂದ ಅಲ್ಲೇನು?" ಎಂದರು ಗೌಡರು.

"ಕಿಟಕಿ ತೆಗದ್ರ ಒಳಗಿನ ಒತ್ತಡ ಬ್ಯಾರೆ ಆಕ್ಕೈತಿ ರೀ," ಎಂದು ಆಕೆ ನನಗೊಂದು ನಳಿಕೆ ಜೋಡಿಸಿ, ಅದರ ಇನ್ನೊಂದು ತುದಿಯನ್ನು ವಿಮಾನದ ಪಕ್ಕೆಯಲ್ಲಿದ್ದ ಸಣ್ಣ ತೂತಿಗೆ ಸೇರಿಸಿದರು. ನಾನು ಹೊರಗಿನ ಗಾಳಿಯನ್ನಷ್ಟೇ ಮುಟ್ಟುವಂತಾಯಿತು.

ಮೊದಲ ಹಾರಾಟದಲ್ಲೇ ನಾನು ಸೋತೆ. ಬಿಸಿಲಿಗೆ ಮೈ ಕಾದು ತಪ್ಪು ಹೇಳಿದೆ. ವಿಮಾನ ಮೆಲ್ಲಗೆ ಕೆಳಗಿಳಿಯತೊಡಗಿತು. ಗೌಡರು ತಕ್ಷಣ ಹಿಡಿಕೆ ಹಿಡಿದರು. ನೀಲಾಂಬಿಕಾ ನನ್ನನ್ನು ಬೈಯಲಿಲ್ಲ. ಫ್ರಿಜ್ಜಿನಲ್ಲಿಟ್ಟರು, ಕಾದ ತಗಡಿನ ಮೇಲಿಟ್ಟರು, ಬಿಸಿಗೆ ನಾನು ಎಷ್ಟು ತಪ್ಪುತ್ತೇನೆಂದು ಕಂಡುಕೊಂಡು ಅಷ್ಟನ್ನು ತಿದ್ದುವ ಪುಟ್ಟ ಸರ್ಕ್ಯೂಟ್ ಕಟ್ಟಿದರು. ಆಮೇಲೆ ವಾರಗಟ್ಟಲೆ ಹಾರಿಸಿ ನೋಡಿದರು. ಅಂಥ ತಾಳ್ಮೆಯ ಕೈಯನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಕೆಲವು ವರ್ಷಗಳ ಮೇಲೆ ಒಂದು ಬೆಳಿಗ್ಗೆ, ಇಬ್ಬರೂ ಹಾರುತ್ತ ಗದಗ ದಾಟಿದಾಗ, ಹದ್ದೊಂದು ಬಂದು ಮುಂದಿನ ಗಾಜಿಗೆ ಅಪ್ಪಳಿಸಿತು. ಗಾಜು ಒಡೆದು ಗಾಳಿ ಒಳನುಗ್ಗಿತು. ಗೌಡರ ಮುಖದ ತುಂಬ ರಕ್ತ.

"ಕಣ್ಣ ಕಾಣವಲ್ದು, ನೀಲಾ!"

"ಆಟೋಪೈಲಟ್ ಹಾಕೀನಿ. ಕೈ ಬಿಡ್ರಿ, ಮೊದ್ಲ ರಕ್ತಾ ಒರಸ್ಕೊಳ್ರಿ!"

ಒಳಗೆ ಬಿರುಗಾಳಿ ಎದ್ದಿತ್ತು. ಸೀಟಿನ ಮುಂದೆ ಇದ್ದಿದ್ದರೆ ನಾನು ಏನು ಹೇಳಿಬಿಡುತ್ತಿದ್ದೆನೋ! ನಳಿಕೆಯಲ್ಲಿ ಬರುವ ಹೊರಗಿನ ಗಾಳಿಯನ್ನೇ ನೆಚ್ಚಿದೆ. ವಿಮಾನ ಎತ್ತರ ಬಿಡಲಿಲ್ಲ. ನೀಲಾಂಬಿಕಾ ಸೆರಗಿನಿಂದ ಗಂಡನ ಕಣ್ಣೊರೆಸಿದರು. ಒಂದು ಕಣ್ಣು ತೆರೆಯಿತು. ಆಕೆ ವೇಗ, ಎತ್ತರ ಓದಿ ಹೇಳುತ್ತ ಹೋದರು, ಅವರು ಒಂಟಿಗಣ್ಣಿನಲ್ಲೇ ಇಳಿಸಿದರು.

ವಿಮಾನ ರಿಪೇರಿಗೆ ಬಂದಾಗ ಆಕೆ ನನ್ನನ್ನು ಬಿಚ್ಚಿದರು.

"ಜೀವಾ ಉಳಿಸೈತಿ, ಅದು ಅಲ್ಲೇ ಇರ್ಲಿ," ಎಂದರು ಗೌಡರು.

"ಉಳಿಸೈತಿ, ಖರೆ. ಆದ್ರ ಈಗ ವಯಸ್ಸಾಗೈತಿ. ಪರೀಕ್ಷಾ ಮಾಡಿ ನೋಡೀನಿ, ಸಣ್ಣಗೆ ತಪ್ಪಾಕ ಹತ್ತೈತಿ."

ನಿಜವೇ. ಕೃತಜ್ಞತೆಗೆ ಸೋತು ನನ್ನನ್ನು ಉಳಿಸಿಕೊಳ್ಳದ ಆಕೆಯ ಬಗ್ಗೆ ನನ್ನ ಗೌರವ ಇನ್ನೂ ಹೆಚ್ಚಿತು. ನನ್ನ ಜಾಗಕ್ಕೆ ಹೊಸಬ ಬಂದ. ಒಂದು ಕಣ್ಣು ಮಂಜಾದ ಗೌಡರು ಹಾರಾಟ ಬಿಟ್ಟರು. ಐವತ್ತು ದಾಟಿದ ನೀಲಾಂಬಿಕಾ ವಿಮಾನ ಹಾರಿಸಲು ಕಲಿಯತೊಡಗಿದರು.

ಈಗ ನಾನು ಗ್ಯಾರೇಜಿನ ಕಿಟಕಿಯ ಅಂಚಿನಲ್ಲಿದ್ದೇನೆ. ಇಂದು ಆಕೆ ಮೊದಲ ಬಾರಿ ಒಬ್ಬರೇ ಹಾರಿದ್ದಾರೆ. ಗೌಡರು ಬಾಗಿಲಲ್ಲಿ ಹಣೆಗೆ ಕೈಯಡ್ಡ ಹಿಡಿದು ಮೇಲೆ ನೋಡುತ್ತಿದ್ದಾರೆ. ಆಕೆ ಎಷ್ಟು ಎತ್ತರದಲ್ಲಿದ್ದಾರೋ ಇಲ್ಲಿಂದ ನನಗೆ ತಿಳಿಯದು. ಗೌಡರಿಗೂ ತಿಳಿಯದು. ಆದರೂ ಇಬ್ಬರಿಗೂ ಭಯವಿಲ್ಲ.